ಜಾಲರಿ ಕೆತ್ತಿದ ಬಿಳಿ ಪಿಂಗಾಣಿ ಕಪ್ ಮಿಂಗ್ ಕಾಲದ್ದೇ?

ತಳದಲ್ಲಿ ಚೀನಾದ ಮಿಂಗ್ ರಾಜವಂಶದ (1368–1644) ದೊರೆಯ ಹೆಸರಿನ ಮುದ್ರೆ ಇದೆ, ಹಾಗಾದ್ರೆ ಜಾಲರಿ ಕಪ್ ಆ ಕಾಲದ್ದೇ ಅಲ್ವಾ ಅಂತ ಕೇಳಿದ್ದೀರಿ. ಮುದ್ರೆಯನ್ನು ಜಾಸ್ತಿ ನಂಬಬೇಡಿ ಸಾರ್. ಹಳೆಯ ದೊರೆಗಳ ಹೆಸರನ್ನು ಮುಂದಿನವರು ಧಾರಾಳವಾಗಿ ಬರೆದಿದ್ದಾರೆ.

ಚೀನಾದ ಪಿಂಗಾಣಿ ಊರಾದ ಜಿಂಗ್‌ಡೆಝೆನ್‌ನಲ್ಲಿ 17ನೇ ಶತಮಾನದಲ್ಲಿ ಇಂಥ ಕೆಲಸ ನಡೆದದ್ದು ನಿಜ. ಮಣ್ಣು ಅರೆ ಒಣಗಿದಾಗ ಚಾಕುವಿನಿಂದ ಒಂದೊಂದೇ ಕಿಂಡಿ ಕತ್ತರಿಸುತ್ತಿದ್ದರು. ಸ್ವಲ್ಪ ಕೈ ತಪ್ಪಿದರೂ ಇಡೀ ಕಪ್ ಹಾಳು! ಹಾಗಾಗಿ ಭೂತಗನ್ನಡಿ ಹಿಡಿದು ಕಿಂಡಿಗಳನ್ನೇ ನೋಡಿ. ಕೈಕೆಲಸವಾದರೆ ಒಂದಕ್ಕೊಂದು ಕೂದಲೆಳೆಯಷ್ಟಾದರೂ ವ್ಯತ್ಯಾಸ ಇರುತ್ತದೆ. ಎಲ್ಲವೂ ಅಚ್ಚು ಹೊಡೆದಂತಿದ್ದರೆ ಅನುಮಾನಪಡಿ. ಪಾದದ ಅಂಚಿಗೆ ಭಟ್ಟಿಯ ಮರಳು ಅಂಟಿದ್ದರೆ ಒಳ್ಳೆಯ ಸೂಚನೆ, ಆದರೆ ಅದನ್ನೂ ನಕಲು ಮಾಡುತ್ತಾರೆ.

ಕಿಂಡಿಗಳಲ್ಲಿ ಗಾಜಿನಂಥ ಮೆರುಗು ತುಂಬಿಕೊಂಡಿದ್ದರೆ ಅದು ಬೇರೆಯೇ, ‘ಅಕ್ಕಿಕಾಳು’ ವಿನ್ಯಾಸ. ಅದನ್ನು ಈಗಲೂ ಮಾಡುತ್ತಾರೆ. ಬೆಳಕಿಗೆ ಹಿಡಿದರೆ ಗೊತ್ತಾಗುತ್ತದೆ.