ಹೊರಡುವ ಮೊದಲು ಒಂದೇ ಒಲೆಯಲ್ಲಿ ಅಡುಗೆ ಮಾಡಿ ನೋಡಿ

ಕಾರ್ಖಾನೆಯಿಂದ ಎಂಟು ಜನ ಒಂದು ವರ್ಷದ ತರಬೇತಿಗೆ ಜಪಾನಿನ ಐಚಿ ಪ್ರಾಂತ್ಯಕ್ಕೆ ಹೊರಟಿದ್ದೀರಿ, ಕೈಯಲ್ಲಿ ಮೂರು ತಿಂಗಳಿದೆ, ತಂಡವಾಗಿ ಹೇಗೆ ತಯಾರಾಗಬೇಕು ಅಂತ ಕೇಳಿದ್ದೀರಿ. ನಾನು ಬಿಡದಿ ಕಡೆ ವಾಹನದ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಿಂದ ಏಳು ಜನರ ತಂಡದಲ್ಲಿ ಅದೇ ಐಚಿಗೆ ಹೋಗಿ ಒಂದು ವರ್ಷ ಇದ್ದು ಬಂದವನು. ಹಾಗಾಗಿ ಕೇಳಿದ್ದಲ್ಲ, ಕಂಡಿದ್ದನ್ನೇ ಬರೀತೀನಿ.

ನಾವು ಮೂರು ತಿಂಗಳೂ ಸೂಟ್‌ಕೇಸಿಗೇ ತಯಾರಿ ಮಾಡಿದೆವು. ಏನು ಒಯ್ಯಬೇಕು, ಎಷ್ಟು ಕಿಲೋ, ಯಾವ ಸ್ವೆಟರ್. ಏಳು ಜನ ಒಂದೇ ಸೂರಿನಡಿ ಹೇಗೆ ಇರ್ತೀವಿ ಅನ್ನೋದನ್ನ ಒಂದು ದಿನವೂ ಕೂತು ಮಾತಾಡಲಿಲ್ಲ. ಕಷ್ಟ ಬಂದದ್ದು ಅಲ್ಲೇ.

ಕಾರ್ಖಾನೆಯಲ್ಲಿ ನಮ್ಮಲ್ಲಿ ಒಬ್ಬರು ಸೂಪರ್‌ವೈಸರ್, ಇಬ್ಬರು ಸೀನಿಯರ್, ಉಳಿದವರು ಐಟಿಐ ಮುಗಿಸಿ ಸೇರಿದ ಹುಡುಗರು. ನಾನು ಆ ಇಬ್ಬರು ಸೀನಿಯರ್‌ಗಳಲ್ಲಿ ಒಬ್ಬ. ಲೈನಿನ ಮೇಲೆ ಆ ಮೇಲು-ಕೆಳಗು ಬೇಕು, ತಪ್ಪಲ್ಲ. ಆದರೆ ಅದು ನಮಗೆ ಗೊತ್ತಿಲ್ಲದ ಹಾಗೆ ಮನೆಯೊಳಗೂ ಬಂತು. ಪಾತ್ರೆ ತೊಳೆಯೋದು ಕಿರಿಯರು, ಮೊದಲು ಸ್ನಾನ ಹಿರಿಯರು. ಅಕ್ಟೋಬರಿನಲ್ಲಿ ಹೋದವರು ನಾವು. ನವೆಂಬರ್ ಕೊನೆಗೆ ಮಾಗಡಿ ಕಡೆಯ ಹುಡುಗನೊಬ್ಬ ಮಾತೇ ನಿಲ್ಲಿಸಿದ್ದ. ಒಂದು ರಾತ್ರಿ ಹನ್ನೊಂದಾದರೂ ಅವನು ಮನೆಗೆ ಬಂದಿಲ್ಲ ಅಂತ ಹುಡುಕಿಕೊಂಡು ಹೋದೆ. ಬೀದಿ ತಿರುವಿನಲ್ಲಿ ನಾಣ್ಯ ಹಾಕಿ ಬಟ್ಟೆ ಒಗೆಯುವ ಅಂಗಡಿ, ರಾತ್ರಿಯೆಲ್ಲ ದೀಪ ಉರೀತಿರುತ್ತೆ. ಒಳಗೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇವನೊಬ್ಬನೇ, ಯಾರದೋ ಬಟ್ಟೆ ಒಣಗಿಸುತ್ತಾ ಸುತ್ತುತ್ತಿದ್ದ ಡ್ರಮ್ಮನ್ನೇ ನೋಡ್ತಾ ಕೂತಿದ್ದ. "ಇಲ್ಲಿ ಬೆಚ್ಚಗಿರುತ್ತೆ ಅಣ್ಣ" ಅಂದ. ದಿನಾ ಅಲ್ಲೇ ಬಂದು ಕೂರ್ತಿದ್ದನಂತೆ. ಒಂದೇ ಮನೆಯಲ್ಲಿದ್ದ ನನಗೆ ಅದು ಗೊತ್ತಾಗಲು ಆರು ವಾರ ಬೇಕಾಯಿತು. ಈಗಲೂ ನೆನೆದರೆ ಹೊಟ್ಟೆ ಕಿವುಚುತ್ತೆ.

ಅದಕ್ಕೇ ನನ್ನ ಮೊದಲ ಸಲಹೆ ಇದು. ಹೊರಡುವ ಮೊದಲು ಎಂಟೂ ಜನ ಎರಡು ಮೂರು ವಾರಾಂತ್ಯ ಒಂದೇ ಮನೆಯಲ್ಲಿ ಇರಿ. ಯಾರದ್ದಾದರೂ ತೋಟದ ಮನೆಯಾದರೂ ಸರಿ. ನೀವೇ ಸಾಮಾನು ತಂದು, ನೀವೇ ಬೇಯಿಸಿ, ನೀವೇ ತೊಳೆಯಿರಿ. ಯಾರು ಬೆಳಿಗ್ಗೆ ನಾಲ್ಕಕ್ಕೇ ಏಳ್ತಾರೆ, ಯಾರು ಗೊರಕೆ ಹೊಡೀತಾರೆ, ಯಾರಿಗೆ ಮಾಂಸದ ಪಾತ್ರೆ ಬೇರೆ ಇರಬೇಕು, ಯಾರು ಕುಡಿದರೆ ಜೋರಾಗಿ ಮಾತಾಡ್ತಾರೆ, ಎಲ್ಲ ಅಲ್ಲೇ ಹೊರಬರಲಿ. ಆಮೇಲೆ ಅಡುಗೆ, ಗುಡಿಸೋದು, ಖರ್ಚು, ಇವುಗಳ ಸರದಿ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ, ಸೂಪರ್‌ವೈಸರ್ ಹೆಸರೂ ಪಾತ್ರೆ ತೊಳೆಯುವ ಸಾಲಿನಲ್ಲಿರಲಿ. ಮನೆಯ ಜಗಳಕ್ಕೆ ಕಿವಿ ಕೊಡುವವನು ಸೂಪರ್‌ವೈಸರ್ ಆಗಿರಬಾರದು, ಇನ್ನೊಬ್ಬನನ್ನು ಈಗಲೇ ಆರಿಸಿಕೊಳ್ಳಿ. ನಾವು ಡಿಸೆಂಬರಿನಿಂದ ಪ್ರತಿ ಭಾನುವಾರ ಸಂಜೆ ಒಂದು ಗಂಟೆ ಕೂರಲು ಶುರು ಮಾಡಿದೆವು, ಫೋನ್ ಪಕ್ಕಕ್ಕಿಟ್ಟು. ಮೊದಲ ವಾರ ಎಲ್ಲರೂ ನೆಲ ನೋಡ್ತಾ ಕೂತಿದ್ದರು. ಮೂರನೇ ವಾರ ಆ ಮಾಗಡಿ ಹುಡುಗನೇ ಬಾಯಿಬಿಟ್ಟ.

ಅದೇ ಕೂಟದಲ್ಲಿ ತಲಾ ತಿಂಗಳಿಗೆ 10,000 ಯೆನ್ ಒಟ್ಟುಮಾಡಿ ಇಡೋಣ ಅಂತ ತೀರ್ಮಾನ ಮಾಡಿದೆವು. ಫೆಬ್ರವರಿಯಲ್ಲಿ ಒಂದು ರಾತ್ರಿ ಎರಡು ಗಂಟೆಗೆ ಫೋನ್ ಬಂತು. ಅಲ್ಲಿಯ ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ, ಊರಲ್ಲಿ ಆಗ ಹತ್ತೂವರೆ. ಚನ್ನಪಟ್ಟಣದ ಗೆಳೆಯನ ತಂದೆ ಹೋಗಿಬಿಟ್ಟಿದ್ದರು. ಐಚಿಯ ದೊಡ್ಡ ನಗರ ನಗೋಯಾದಿಂದ ಬೆಂಗಳೂರಿಗೆ ನೇರ ವಿಮಾನವಿಲ್ಲ, ಬ್ಯಾಂಕಾಕ್ ಮೇಲೆ ಸಿಕ್ಕಿದ ಟಿಕೆಟ್ಟನ್ನು ಆ ಒಟ್ಟು ಹಣದಿಂದಲೇ ತೆಗೆದೆವು. ಯಾರನ್ನೂ ಕೇಳಬೇಕಾಗಲಿಲ್ಲ, ಬೆಳಗಾಗುವುದನ್ನು ಕಾಯಬೇಕಾಗಲಿಲ್ಲ. ಅವನ ಜೊತೆ ನಾನೂ ವಿಮಾನ ನಿಲ್ದಾಣಕ್ಕೆ ಹೋದೆ. ದುಃಖದಲ್ಲಿರುವವನು ಒಂದು ವಿಷಯ ಮರೆಯಬಹುದು ಅನ್ನೋ ಭಯ ನನಗೆ. ಜಪಾನಿನಿಂದ ಹೊರಗೆ ಹೋಗುವಾಗ ಒಂದು ಚಿಕ್ಕ ಕಾರ್ಡ್ ತುಂಬಬೇಕು. ಅದರಲ್ಲಿ "ಮತ್ತೆ ವಾಪಸ್ ಬರ್ತೀನಿ" ಅನ್ನೋ ಅರ್ಥದ ಚೌಕವಿರುತ್ತೆ. ಅದಕ್ಕೆ ಗುರುತು ಹಾಕದೆ ಹೊರಟರೆ ನಿಮ್ಮ ವಾಸದ ಅನುಮತಿ ಅಲ್ಲಿಗೆ ಮುಗೀತು, ವೀಸಾ ಮೊದಲಿಂದ. ಅವನ ಕೈ ನಡುಗುತ್ತಿತ್ತು. ಕಾರ್ಡ್ ನಾನೇ ತುಂಬಿದೆ, ಸಹಿ ಅವನು ಮಾಡಿದ. ಮಣ್ಣಿನ ಹೊತ್ತಿಗೆ ಊರು ಮುಟ್ಟಿದ, ಹದಿಮೂರು ದಿನದ ಕಾರ್ಯ ಮುಗಿಸಿ ವಾಪಸ್ ಬಂದ. ನೀವು ಎಂಟೂ ಜನ ಆ ಚೌಕದ ವಿಷಯ ಈಗಲೇ ತಿಳಿದಿಟ್ಟುಕೊಳ್ಳಿ. ಮನೆಯಲ್ಲಿ ಕೆಟ್ಟ ಸುದ್ದಿಯಾದರೆ ಯಾರು ಹೋಗಬಹುದು, ಎಷ್ಟು ದಿನ, ಟಿಕೆಟ್ ಯಾರ ಖರ್ಚು ಅಂತ ಕಂಪನಿಯಿಂದ ಬರಹದಲ್ಲಿ ಪಡೆದುಕೊಳ್ಳಿ.

ಭಾಷೆಗೆ ಹೆದರಬೇಡಿ. ಕನ್ನಡಿಗರಿಗೆ ಜಪಾನಿ ಭಾಷೆಯ ವಾಕ್ಯ ಇಂಗ್ಲಿಷಿಗಿಂತ ಹತ್ತಿರ. "ನಗೋಯಾಗೆ ಹೋಗ್ತೀನಿ" ಅನ್ನೋದು "ನಗೋಯಾ ನಿ ಇಕಿಮಸ್". ನಮ್ಮ "ಗೆ" ಇರೋ ಕಡೆ ಅವರ "ನಿ", ನಮ್ಮ "ಇಂದ" ಇರೋ ಕಡೆ "ಕರಾ", ಕ್ರಿಯಾಪದ ಕೊನೆಗೆ. "ಹೋಗ್ತೀರಾ" ಅಂತ ಕೇಳಬೇಕಾದರೆ ಕೊನೆಗೆ "ಕಾ" ಸೇರಿಸಿ: "ಇಕಿಮಸ್ ಕಾ". ಅವರ ಅಕ್ಷರಮಾಲೆ ಅ, ಇ, ಉ, ಎ, ಒ ಅಂತ ಶುರುವಾಗಿ ಕ, ಸ, ತ, ನ, ಹ, ಮ, ಯ, ರ, ವ ಅಂತ ಸಾಗುತ್ತೆ. ಬೌದ್ಧರ ಮೂಲಕ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ಕ್ರಮದ ಪ್ರಭಾವ ಅದು. ನಮ್ಮ ಮೇಷ್ಟ್ರು ಇದನ್ನ ಬೋರ್ಡಿನ ಮೇಲೆ ಬರೆದ ದಿನ ಏಳೂ ಜನಕ್ಕೆ ಧೈರ್ಯ ಬಂತು. ಹಿರಗಾನ, ಕಟಕಾನ ಅಂತ ಅವರದು ಎರಡು ಲಿಪಿ, ತಲಾ 46 ಅಕ್ಷರ, ಒಂದು ತಿಂಗಳು ಸಾಕು. ಕಾಂಜಿಯಲ್ಲಿ, ಅಂದರೆ ಚೀನಾದಿಂದ ಬಂದ ಅಕ್ಷರಗಳಲ್ಲಿ, ಮೊದಲು ಅಪಾಯ, ನಿಲ್ಲು, ಪ್ರವೇಶ, ನಿರ್ಗಮನ, ಗಂಡಸರು, ಹೆಂಗಸರು ಇಷ್ಟು ಗುರುತು ಹಿಡಿಯಿರಿ. "ಅಬುನಾಯ್" (ಅಪಾಯ, ಹುಷಾರು) ಅಂತ ಯಾರಾದರೂ ಕೂಗಿದರೆ ಅರ್ಥ ಯೋಚಿಸುವ ಮೊದಲೇ ಕೈ ಯಂತ್ರದಿಂದ ಹಿಂದೆ ಬರಬೇಕು, ಅಷ್ಟು ಅಭ್ಯಾಸವಾಗಲಿ.

ಇನ್ನೊಂದು ಪದ "ಹೋರೆನ್ಸೋ". ವರದಿ ಮಾಡು, ತಿಳಿಸು, ಕೇಳಿ ಸಲಹೆ ತಗೋ ಅನ್ನೋ ಮೂರು ಪದಗಳ ಮೊದಲಕ್ಷರ ಸೇರಿಸಿ ಮಾಡಿದ್ದು. ನಮ್ಮಲ್ಲಿ ಚಿಕ್ಕ ತಪ್ಪಾದರೆ ನಾವೇ ಸರಿಮಾಡಿ ಸುಮ್ಮನಾಗ್ತೀವಿ, ಯಜಮಾನರಿಗೆ ಯಾಕೆ ತೊಂದರೆ ಅಂತ. ನಾನಿದ್ದ ಲೈನಿನಲ್ಲಿ ಸುಮ್ಮನಾಗೋದೇ ದೊಡ್ಡ ತಪ್ಪು. ತಪ್ಪಾದ ತಕ್ಷಣ ಹೇಳಿದವನನ್ನು ಬೈದದ್ದು ನಾನು ಕಾಣೆ. ಇದನ್ನ ಇಲ್ಲೇ ನಿಮ್ಮ ಲೈನಿನಲ್ಲಿ ರೂಢಿಸಿಕೊಂಡು ಹೋಗಿ.

ಕಾಗದಪತ್ರಗಳ ಬಗ್ಗೆ ಚುಟುಕಾಗಿ ಹೇಳ್ತೀನಿ, ಹೆಚ್ಚಿನದು ಕಂಪನಿಯೇ ಮಾಡುತ್ತೆ. ಮನೆ ಸೇರಿದ 14 ದಿನದೊಳಗೆ ಸ್ಥಳೀಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ರೆಸಿಡೆನ್ಸ್ ಕಾರ್ಡ್ ಸದಾ ಜೇಬಿನಲ್ಲಿರಬೇಕು, ಹಾಲು ತರಲು ಹೋದರೂ. ಭಾರತ-ಜಪಾನ್ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಇಲ್ಲಿಯ ಕಂಪನಿಯ ನೌಕರರಾಗಿಯೇ ಹೋಗುವವರು ಪಿಎಫ್ ಕಚೇರಿಯ ಪ್ರಮಾಣಪತ್ರ ಒಯ್ದರೆ ಅಲ್ಲಿಯ ಪಿಂಚಣಿಗೆ ಮತ್ತೊಮ್ಮೆ ಹಣ ಕಟ್ಟುವುದು ತಪ್ಪುತ್ತೆ. ಎಚ್ಆರ್‌ನವರನ್ನ ಇದರ ಬಗ್ಗೆ ಕೇಳಿ.

ಔಷಧಿ ಮಾತ್ರ ಹಗುರವಾಗಿ ತಗೋಬೇಡಿ. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಒಂದು ತಿಂಗಳಿಗಿಂತ ಹೆಚ್ಚು ಒಯ್ಯಬೇಕಾದರೆ ಜಪಾನಿನ ಆರೋಗ್ಯ ಸಚಿವಾಲಯದಿಂದ ಮುಂಚೆಯೇ ದೃಢೀಕರಣ ಪತ್ರ ಪಡೆಯಬೇಕು. ಕೆಲವು ನೆಗಡಿ ಮಾತ್ರೆಗಳಲ್ಲಿರುವ ಸ್ಯೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ಅಲ್ಲಿ ನಿಷಿದ್ಧ. ಬಿಪಿ, ಸಕ್ಕರೆ ಕಾಯಿಲೆ ಇದ್ದವರು ತಂಡದಲ್ಲಿ ಒಬ್ಬರಿಗಾದರೂ ಅದನ್ನ ಹೇಳಿರಬೇಕು. ನಮ್ಮಲ್ಲೊಬ್ಬರು ಮುಚ್ಚಿಟ್ಟಿದ್ದರು, ತಲೆಸುತ್ತಿ ಬಿದ್ದ ದಿನ ಆಂಬುಲೆನ್ಸಿಗೆ ಅಂತ 119ಕ್ಕೆ ಫೋನ್ ಮಾಡಿದ ನಮಗೆ ಏನಾಗಿದೆ ಅಂತ ಹೇಳಲು ಯಾವ ಭಾಷೆಯಲ್ಲೂ ಮಾತಿರಲಿಲ್ಲ.

ಅಡುಗೆ ವಿಷಯಕ್ಕೆ ಬಂದರೆ, ಅಲ್ಲಿ ಕರೆಂಟು 100 ವೋಲ್ಟ್. ಇಲ್ಲಿಯ ಮಿಕ್ಸಿ ಒಯ್ದರೆ ಚಟ್ನಿ ನುಣ್ಣಗಾಗಲ್ಲ, ಅಲ್ಲೇ ಒಂದು ಕೊಂಡುಕೊಳ್ಳಿ. ಕುಕ್ಕರ್ ಒಯ್ಯಿರಿ, ಗ್ಯಾಸ್ಕೆಟ್ ಎರಡು ಹೆಚ್ಚಿಗೆ ಇರಲಿ. ಹಸಿ ಕರಿಬೇವು, ಹಣ್ಣುಗಳನ್ನು ಸಸ್ಯ ತಪಾಸಣೆಯ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡಲ್ಲ. ಸಸ್ಯಾಹಾರಿಗಳು "ದಾಶಿ" ಅನ್ನೋ ಪದ ನೆನಪಿಡಬೇಕು. ಅದು ಹೆಚ್ಚಾಗಿ ಒಣ ಮೀನಿನ ಸಾರ, ತರಕಾರಿ ಮಾತ್ರ ಕಾಣುವ ಸೂಪಿನಲ್ಲೂ ಇರುತ್ತೆ. ರಾಗಿ ಹಿಟ್ಟು ಅಲ್ಲಿಯ ಭಾರತೀಯ ಅಂಗಡಿಗಳಿಂದ ತರಿಸಬಹುದು. ಸಿಗದೇ ಇರೋದು ಮುದ್ದೆ ಕೋಲು. ನಮ್ಮ ಸೂಪರ್‌ವೈಸರ್ ಅವರ ತಾಯಿ ಬಟ್ಟೆಯ ಮಧ್ಯೆ ಸುತ್ತಿ ಕಳಿಸಿದ್ದರು. ಸರದಿ ಹಾಳೆ ಗೋಡೆಗೆ ಬಿದ್ದ ಮೇಲಿನ ಮೊದಲ ಭಾನುವಾರ ಆ ಕೋಲು ಹಿಡಿದು ಅವರೇ ಒಲೆ ಮುಂದೆ ನಿಂತರು. ಹೊರಗೆ ಕೊರೆಯುವ ಗಾಳಿ, ಕಿಟಕಿಯ ಗಾಜೆಲ್ಲ ಆವಿಯಿಂದ ಮಂಜಾಗಿತ್ತು. ಏಳು ಮುದ್ದೆ ಕಟ್ಟಿ, ಮೊದಲನೆಯದನ್ನು ಮಾಗಡಿ ಹುಡುಗನ ತಟ್ಟೆಗೆ ಹಾಕಿದರು. ಅವನು ತಲೆಯೆತ್ತದೆ ತಿಂದ, ಇನ್ನೊಂದು ಕೇಳಿದ.

ಕಸ ಬೇರೆ ಮಾಡೋದು, ಸೈಕಲ್ ನೋಂದಣಿ, ಭೂಕಂಪವಾದರೆ ಎಲ್ಲಿ ಸೇರೋದು, ಇವನ್ನೆಲ್ಲ ಅಲ್ಲಿ ಹೋದ ಮೊದಲ ವಾರದಲ್ಲಿ ನಿಮಗೆ ಹೇಳಿಕೊಡ್ತಾರೆ, ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ಈ ವಾರಾಂತ್ಯ ಎಂಟು ಜನಕ್ಕೆ ಜಾಗವಾಗುವ ಮನೆ ಯಾರದ್ದು ಅಂತ ಮೊದಲು ನೋಡಿ. ಕೆಳಗೆ ಬರೆದು ಕೇಳಿದರೆ ನಮ್ಮ ಸರದಿ ಹಾಳೆಯ ಫೋಟೋ ಹಾಕ್ತೀನಿ, ಎಣ್ಣೆ ಕಲೆ ಸಮೇತ ಇನ್ನೂ ನನ್ನ ಹತ್ತಿರ ಇದೆ.