ಮೆಡಿಕೈಡ್ ರದ್ದಾಗುವುದಿಲ್ಲ, ತಡೆಹಿಡಿದಿರುತ್ತಾರೆ ಅಷ್ಟೇ

ಅಮೆರಿಕದಲ್ಲಿರುವ ನಿಮ್ಮ ಅಕ್ಕನ ಮಗನಿಗೆ 16 ವರ್ಷ, ಕೋರ್ಟ್ ತೀರ್ಪಿನ ಮೇಲೆ ಬಾಲಾಪರಾಧಿಗಳ ಕೇಂದ್ರದಲ್ಲಿದ್ದಾನೆ, ಅವನ ಮೆಡಿಕೈಡ್ (ಕಡಿಮೆ ಆದಾಯದವರಿಗೆ ಅಲ್ಲಿನ ಸರ್ಕಾರ ಕೊಡುವ ಆರೋಗ್ಯ ವಿಮೆ) ಹೋಯಿತಾ ಅಂತ ಕೇಳಿದ್ದೀರಿ ಅಲ್ವಾ? ಒಳಗಿದ್ದಾನೆ ಅನ್ನುವ ಒಂದೇ ಕಾರಣಕ್ಕೆ ಹೋಗುವುದಿಲ್ಲ. 21 ವರ್ಷದೊಳಗಿನವರ ಮೆಡಿಕೈಡನ್ನು ರಾಜ್ಯಗಳು ಹೀಗೆ ರದ್ದು ಮಾಡುವಂತಿಲ್ಲ, ತಡೆಹಿಡಿಯಬಹುದು ಅಷ್ಟೇ ಅಂತ 2018ರಲ್ಲೇ ಫೆಡರಲ್ ಕಾನೂನು ಬಂದಿದೆ.

ಆದರೆ ಒಳಗಿರುವಾಗಿನ ಚಿಕಿತ್ಸೆಗೆ ಮೆಡಿಕೈಡ್ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಅದು ಕೇಂದ್ರ ನಡೆಸುವವರ ಹೊಣೆ. ಹೊರಗಿನ ಆಸ್ಪತ್ರೆಯಲ್ಲಿ 24 ಗಂಟೆ ಅಥವಾ ಜಾಸ್ತಿ ದಾಖಲಾದರೆ ಕೊಡುತ್ತದೆ. ವಿಚಿತ್ರ ನಿಯಮ, ಆದರೆ ಇರುವುದು ಹಾಗೇ.

ನಿಮಗೆ ಮುಖ್ಯವಾದದ್ದು ಬಿಡುಗಡೆಗೆ ಮುಂಚಿನ 30 ದಿನ. 2025ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ, ತೀರ್ಪಾದ ಮಕ್ಕಳಿಗೆ ಆ ಅವಧಿಯಲ್ಲಿ ದೇಹ, ಹಲ್ಲು, ಮನಸ್ಸಿನ ಆರೋಗ್ಯದ ತಪಾಸಣೆ ಆಗಬೇಕು, ಖರ್ಚು ಮೆಡಿಕೈಡ್‌ನದು. ಹೊರಗೆ ಬಂದ ಮೇಲೆ ಡಾಕ್ಟರ್, ಕೌನ್ಸೆಲಿಂಗ್ ಹೊಂದಿಸಿಕೊಡಲು ಒಬ್ಬ ಕೇಸ್ ಮ್ಯಾನೇಜರ್ ಇರಬೇಕು, ಬಿಡುಗಡೆಯಾದ ನಂತರವೂ ಕನಿಷ್ಠ 30 ದಿನ. ಎಲ್ಲ ರಾಜ್ಯಗಳೂ ಒಂದೇ ವೇಗದಲ್ಲಿ ಇದನ್ನು ಮಾಡುತ್ತಿಲ್ಲ. ಅದಕ್ಕೇ ಸುಮ್ನೆ ಕಾಯಬೇಡಿ. ಆ ಕೇಸ್ ಮ್ಯಾನೇಜರ್ ಯಾರು ಅಂತ ನಿಮ್ಮ ಅಕ್ಕ ಈಗಲೇ ಕೇಂದ್ರದಲ್ಲಿ ಕೇಳಲಿ. ಮನೆ ಬದಲಾಗಿದ್ದರೆ ಹೊಸ ವಿಳಾಸವನ್ನೂ ರಾಜ್ಯದ ಮೆಡಿಕೈಡ್ ಕಚೇರಿಗೆ ಕೊಡಲಿ, ನವೀಕರಣದ ಕಾಗದ ಹಳೇ ಮನೆಗೆ ಹೋಗಿಬಿಟ್ಟರೆ ಕಷ್ಟ.