ಮೇಷ್ಟ್ರನ್ನು ಕೇಳಿ: ಹನೋಯಲ್ಲಿ ಒಂದು ದಿನ

ಪ್ರಶ್ನೆ: ಮೇಷ್ಟ್ರೇ, ಮಗಳ ಜೊತೆ ವಿಯೆಟ್ನಾಂ ಟೂರಿಗೆ ಹೊರಟಿದ್ದೇನೆ. ಹನೋಯಲ್ಲಿ ಒಂದು ದಿನ ನಮ್ಮ ಪಾಡಿಗೆ ಬಿಟ್ಟಿದ್ದಾರೆ. ಚಿತ್ರಕಲೆ ನೋಡಬೇಕು, ಬೀದಿ ತಿಂಡಿ ತಿನ್ನಬೇಕು, ಅಲ್ಲಿಯ ಹೆಂಗಸರ ಉದ್ದನೆಯ ಅಂಗಿ ಆವೊ ಜಾಯ್ ಹಾಕಿ ಫೋಟೋ ತೆಗೆಸಿಕೊಳ್ಳಬೇಕು ಅಂತ ಆಸೆ. ನಾವು ಸಸ್ಯಾಹಾರಿಗಳು. ನನಗೆ 58 ವರ್ಷ, ಸ್ವಲ್ಪ ದಪ್ಪ ಬೇರೆ. ನೋಡಿದವರು ನಗುವುದಿಲ್ಲ ತಾನೇ? ಇಷ್ಟೆಲ್ಲ ಒಂದೇ ದಿನಕ್ಕೆ ಆಗುತ್ತಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಧಾರಾಳವಾಗಿ ಆಗುತ್ತದೆ ತಾಯಿ. ಆದರೆ ಮೊದಲು ಚಿತ್ರ, ಆಮೇಲೆ ಬಟ್ಟೆ, ಕೊನೆಗೆ ತಿಂಡಿ. ಈ ಕ್ರಮ ತಪ್ಪಿಸಬೇಡಿ. ಬಾಡಿಗೆ ಬಟ್ಟೆ ಹಾಕಿಕೊಂಡು ಬೀದಿಯ ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಸಾರು ಚೆಲ್ಲಿಕೊಂಡರೆ ಡೆಪಾಸಿಟ್ಟಿಗೆ ಎಳ್ಳುನೀರು.

ಬೆಳಿಗ್ಗೆ ನುಯೆನ್ ಥಾಯ್ ಹೊಕ್ ರಸ್ತೆಯ ಲಲಿತಕಲಾ ಮ್ಯೂಸಿಯಂಗೆ ಹೋಗಿ. ಫ್ರೆಂಚರ ಕಾಲದಲ್ಲಿ ಅದು ಅಧಿಕಾರಿಗಳ ಹೆಣ್ಣುಮಕ್ಕಳ ಹಾಸ್ಟೆಲ್. ಮ್ಯೂಸಿಯಂ ಆದದ್ದು 1966ರಲ್ಲಿ. ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು, ಒಂದು ಕೋಣೆಯನ್ನೂ ಬಿಡಬೇಡಿ ಅನ್ನಬೇಕಿತ್ತು. ಅನ್ನುವುದಿಲ್ಲ. ಕಾಲು ಸೋಲುತ್ತದೆ. ಎರಡು ಸಂಗತಿ ನಿಧಾನವಾಗಿ ನೋಡಿದರೆ ಸಾಕು.

ಒಂದು, ಲ್ಯಾಕರ್ ಚಿತ್ರಗಳು. ನಮ್ಮ ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗು ಹುಳುವಿನಿಂದ ಬರುವಂಥದ್ದು. ಈ ಲ್ಯಾಕರ್ ಮರದ ಹಾಲು. ಹಲಗೆಯ ಮೇಲೆ ಪದರದ ಮೇಲೆ ಪದರ ಹಚ್ಚುತ್ತಾರೆ. ತಮಾಷೆಯೆಂದರೆ ಇದು ಬಿಸಿಲಿನಲ್ಲಿ ಒಣಗುವುದಿಲ್ಲ, ತೇವದ ಗಾಳಿಯಲ್ಲೇ ಗಟ್ಟಿಯಾಗಬೇಕು. ಆಮೇಲೆ ನೀರು ಹಾಕಿ ಉಜ್ಜುತ್ತಾ ಹೋದರೆ ಒಳಗಿನ ಬಣ್ಣ, ಬೆಳ್ಳಿ ರೇಕು ಮೇಲೆ ಬರುತ್ತವೆ. ಅಂದರೆ ಬಳಿದದ್ದಕ್ಕಿಂತ ಉಜ್ಜಿ ತೆಗೆದದ್ದರಲ್ಲೇ ಚಿತ್ರ ಜಾಸ್ತಿ. ಮರದ ಹಾಲು ಕಂದು ಬಣ್ಣದ್ದು, ಅದರಲ್ಲಿ ಅಪ್ಪಟ ಬಿಳಿ ಬರುವುದಿಲ್ಲ. ಅದಕ್ಕೇ ಬಿಳಿ ಬೇಕಾದ ಕಡೆ ಮೊಟ್ಟೆಯ ಚಿಪ್ಪು ಅಂಟಿಸುತ್ತಾರೆ. ಎದುರಿಗೆ ನಿಂತು ನೋಡಬೇಡಿ, ಸ್ವಲ್ಪ ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ.

ಎರಡು, ತೊ ನೊಕ್ ವಾನ್ 1944ರಲ್ಲಿ ಬರೆದ ಎಣ್ಣೆಬಣ್ಣದ ಚಿತ್ರ. ಇಬ್ಬರು ತರುಣಿಯರು, ಒಂದು ಮಗು. ತರುಣಿಯರು ಹಾಕಿರುವುದೇ ನಿಮ್ಮ ಆವೊ ಜಾಯ್. ಫ್ರೆಂಚ್ ಚಿತ್ರಕಾರ ವಿಕ್ತೋರ್ ತಾರ್ದಿಯೂ ಮುಂದೆ ನಿಂತು 1925ರಲ್ಲಿ ಹನೋಯಲ್ಲಿ ಒಂದು ಚಿತ್ರಕಲಾ ಕಾಲೇಜು ಕಟ್ಟಿದ. ತೊ ನೊಕ್ ವಾನ್ ಅಲ್ಲಿ ಓದಿದವನು. 1934ರಲ್ಲಿ ಹಳೆಯ ದೊಗಲೆ ಅಂಗಿಯನ್ನು ಮೈಗೆ ಒಪ್ಪುವಂತೆ ತಿದ್ದಿ, ಪತ್ರಿಕೆಯಲ್ಲಿ ಈ ಆವೊ ಜಾಯಿನ ನಕ್ಷೆ ಬರೆದು ಜನಪ್ರಿಯ ಮಾಡಿದ ನುಯೆನ್ ಕಾತ್ ತುವೊಂಗ್ ಕೂಡ ಅದೇ ಕಾಲೇಜಿನವನು. ಚಿತ್ರವೂ ಬಟ್ಟೆಯೂ ಒಂದೇ ಮನೆಯವು ಅಂತಾಯಿತು. ಮೊದಲು ಮ್ಯೂಸಿಯಂ ನೋಡಿ ಎಂದದ್ದು ಅದಕ್ಕೇ.

ಹೊರಗೆ ಬಂದರೆ ಎದುರಿಗೇ ಸಾಹಿತ್ಯ ಮಂದಿರ, ಅಂದರೆ ಕನ್ಫ್ಯೂಷಿಯಸ್‌ನ ಗುಡಿ. 1070ರಲ್ಲಿ ಕಟ್ಟಿದ್ದು. ಬಾಡಿಗೆ ಬಟ್ಟೆಯ ಅಂಗಡಿಗಳು ಆಸುಪಾಸಿನಲ್ಲೇ ಇವೆ. ಚೂಡಿದಾರ್ ಹಾಕಿ ಅಭ್ಯಾಸವಿದ್ದರೆ ಹೊಸದೇನೂ ಅನ್ನಿಸುವುದಿಲ್ಲ. ಆದರೆ ಸೀಳು ಸೊಂಟದವರೆಗೂ ಇರುತ್ತದೆ, ತೋಳು ಬಿಗಿ. ಸಂಕೋಚಪಡದೆ ದೊಡ್ಡ ಸೈಜ್ ಕೇಳಿ, ಕೈ ಎತ್ತಿ ನೋಡಿ, ಕೂತು ನೋಡಿ. ಬಿಳಿ ಬೇಡ, ಅದು ಹೈಸ್ಕೂಲ್ ಹುಡುಗಿಯರ ಯೂನಿಫಾರ್ಮ್. ಚಳಿಗಾಲವಾದರೆ ವೆಲ್ವೆಟ್ ತಗೊಳ್ಳಿ. ಅಲ್ಲಿ ಮದುವೆಮನೆಯ ಅಮ್ಮಂದಿರು ಅದನ್ನೇ ಹಾಕುತ್ತಾರೆ, ನಿಮ್ಮ ವಯಸ್ಸಿಗೆ ಕಳೆ ಬರುತ್ತದೆ. ಮಂದಿರದಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳಿವೆ, ಹಿಂದಿನ ಕಾಲದಲ್ಲಿ ದೊಡ್ಡ ಪರೀಕ್ಷೆ ಪಾಸಾದವರ ಹೆಸರು. ಈಗಲೂ ಡಿಗ್ರಿ ಮುಗಿಸಿದ ಹುಡುಗಿಯರು ಆವೊ ಜಾಯ್ ಹಾಕಿಕೊಂಡು ಇಲ್ಲಿಗೇ ಫೋಟೋಗೆ ಬರುತ್ತಾರೆ. ಆ ಗಲಾಟೆಯಲ್ಲಿ ನಿಮ್ಮನ್ನು ನೋಡಿ ನಗಲು ಯಾರಿಗೆ ಪುರುಸೊತ್ತು?

ಬಟ್ಟೆ ವಾಪಸ್ ಕೊಟ್ಟು ಸಂಜೆಗೆ ಹಳೇ ಪೇಟೆ. ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟ ಅಂತ ಹೆದರಿಸುವವರ ಮಾತು ಅರ್ಧ ನಿಜ. ತರಕಾರಿ ಅಂತ ಕೊಟ್ಟರೂ ಮೀನಿನ ಸಾಸ್ ಬಿದ್ದಿರುತ್ತದೆ. ‘ಚಾಯ್’ ಅಂತ ಬೋರ್ಡು ಇರುವ ಕಡೆ ಹೋಗಿ, ಅದು ಬೌದ್ಧರ ಸಸ್ಯಾಹಾರ. ಹುಣ್ಣಿಮೆಗೂ ಚಾಂದ್ರಮಾನ ತಿಂಗಳ ಮೊದಲ ದಿನಕ್ಕೂ ಅಲ್ಲಿಯ ಎಷ್ಟೋ ಜನ ಮಾಂಸ ಮುಟ್ಟುವುದಿಲ್ಲ. ಕ್ಯಾಲೆಂಡರ್ ನೋಡಿಕೊಂಡರೆ ಆವತ್ತು ಸುಲಭ. ಹಳದಿ ಅಂಟನ್ನದ ಮೇಲೆ ಬೆಂದ ಹೆಸರುಬೇಳೆ ಹೆರೆದು, ಕರಿದ ಈರುಳ್ಳಿ ಉದುರಿಸುವ ‘ಸೊಯ್ ಸೆವ್’ ಬಿಡಬೇಡಿ. ಮೇಲೆ ಕೊಬ್ಬು ಸುರಿಯುತ್ತಾರೆ, ಸೌಟು ಎತ್ತುವ ಮೊದಲೇ ಬೇಡ ಅನ್ನಬೇಕು. ಎಳ್ಳು ಮೆತ್ತಿ ಕರಿದ ಸಿಹಿ ಉಂಡೆ ‘ಬಾನ್ ರಾನ್’ ಒಳಗೂ ಹೆಸರುಬೇಳೆಯೇ. ಖಾರದ್ದರಲ್ಲಿ ಮಾಂಸ ಇರುತ್ತದೆ, ಜೋಕೆ.

ಪ್ರಶ್ನೆ: ಹನೋಯಲ್ಲಿ ಕಾಫಿಗೆ ಮೊಟ್ಟೆ ಹಾಕುತ್ತಾರಂತೆ. ಸುಮ್ನೆ ಹೇಳ್ತಾರಾ?
– ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನಿಜವೇ. 1946ರಲ್ಲಿ ಹಾಲಿಗೆ ಬರ ಬಂದಾಗ ಮೆಟ್ರೊಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನುಯೆನ್ ವಾನ್ ಜಾಂಗ್ ಮೊಟ್ಟೆಯ ಹಳದಿ, ಸಕ್ಕರೆ ಕಡೆದು ನೊರೆ ಮಾಡಿ ಹಾಕಿದನಂತೆ. ಕೆಳಗಿರುವುದು ನಿಮ್ಮ ಕೊಡಗಿನಲ್ಲಿ ಬೆಳೆಯುವ ರೋಬಸ್ಟಾ ಜಾತಿಯೇ. ಅದನ್ನು ಜಗತ್ತಿನಲ್ಲಿ ಅತಿ ಹೆಚ್ಚು ಬೆಳೆಯುವವರು ವಿಯೆಟ್ನಾಮಿನವರು. ನನಗೆ ಅದು ಕಾಫಿ ಅನ್ನಿಸಲಿಲ್ಲ, ಸಿಹಿತಿಂಡಿ ಅನ್ನಿಸಿತು. ಮೊಟ್ಟೆ ತಿನ್ನದವರು ತೆಂಗಿನಹಾಲಿನ ಕಾಫಿ ಕೇಳಬಹುದು.